ಸಂಘ ನೋಂದಣಿ ಪ್ಯಾಕೇಜ್: ಪಶು ಹೋಮಿಯೋಪತಿಯವರು ದುಡ್ಡು ಕೊಡುವ ಮುಂಚೆ ಓದಿ

ತುಮಕೂರಲ್ಲಿ ಸಂಘ ನೋಂದಣಿ ಮಾಡಿಸಿಕೊಡುವವರಿಗೆ ಬರವಿಲ್ಲ. ಡಿಟಿಪಿ ಅಂಗಡಿಯವರು, ಬಾಂಡ್ ರೈಟರ್‌ಗಳು, ತೆರಿಗೆ ಸಲಹೆಗಾರರು, ಯಾರನ್ನು ಕೇಳಿದರೂ ‘ಏಳು ಜನರ ಆಧಾರ್ ಜೆರಾಕ್ಸು, ಫೋಟೊ ತಂದುಕೊಡಿ, ಮಿಕ್ಕಿದ್ದು ನಮಗೆ ಬಿಡಿ’ ಅನ್ನುತ್ತಾರೆ. ಯುವಕ ಸಂಘಕ್ಕೋ ಬಡಾವಣೆ ನಿವಾಸಿಗಳ ಸಂಘಕ್ಕೋ ಈ ಸೇವೆ ಹೇಗೆ ಒದಗುತ್ತದೆ ಅನ್ನುವುದು ಇಲ್ಲಿನ ವಿಷಯವಲ್ಲ. ದನ, ಎಮ್ಮೆ, ಕುರಿ, ನಾಯಿಗಳಿಗೆ ಹೋಮಿಯೋಪತಿ ಔಷಧ ಬಳಸುವ ಪಶುವೈದ್ಯರು ತಮ್ಮದೊಂದು ವೃತ್ತಿ ಸಂಘ ಕಟ್ಟಿಕೊಳ್ಳಲು ಇದೇ ಪ್ಯಾಕೇಜ್ ಕೊಂಡರೆ ಕೈಗೆ ಏನು ಬರುತ್ತದೆ, ಏನು ಬರುವುದಿಲ್ಲ, ಎಲ್ಲಿ ಎಡವಟ್ಟಾಗುತ್ತದೆ ಎಂಬುದಷ್ಟೇ ಈ ವಿಮರ್ಶೆ. ಅಂಗಡಿಗಳ ಹೆಸರು ಬರೆದಿಲ್ಲ. ಮಾದರಿ ಕಡತ ಒಬ್ಬರಿಂದ ಒಬ್ಬರಿಗೆ ನಕಲಾಗುತ್ತಲೇ ಬಂದದ್ದು. ಬೋರ್ಡು ಬೇರೆಯಾದರೂ ಒಳಗಿನ ಸರಕು ಹೆಚ್ಚುಕಡಿಮೆ ಒಂದೇ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ನೋಂದಣಿ ಪತ್ರ ತರಿಸಿಕೊಡುವ ಕೆಲಸಕ್ಕೆ ಐದಕ್ಕೆ ನಾಲ್ಕು. ಬೈಲಾಗೆ, ಅಂದರೆ ಸಂಘದ ನಿಯಮಾವಳಿಗೆ, ಐದಕ್ಕೆ ಒಂದು. ಸದಸ್ಯರ ಗುರುತಿನ ಚೀಟಿಗೆ ಸೊನ್ನೆ. ಅದನ್ನು ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳಬೇಡಿ.

ಪ್ಯಾಕೇಜಿನಲ್ಲಿ ಬರುವುದು ಇಷ್ಟು: ಜ್ಞಾಪನಾ ಪತ್ರ (ಸಂಘದ ಹೆಸರು, ಉದ್ದೇಶ ಹೇಳುವ ಮೂಲ ದಾಖಲೆ), ಬೈಲಾ, ಮೊದಲ ಸಭೆಯ ನಡವಳಿ, ಆಡಳಿತ ಮಂಡಳಿಯ ಪಟ್ಟಿ, ಅರ್ಜಿ ಹಾಕುವ ಕೆಲಸ, ಕಚೇರಿಯಲ್ಲಿ ಹಿಂದೆಬಿದ್ದು ಕೇಳುವ ಕೆಲಸ. ಕೆಲವರು ಇದರ ಜೊತೆಗೆ ಪ್ಯಾನ್ ಕಾರ್ಡು, ದುಂಡು ಸೀಲು, ಲೆಟರ್‌ಹೆಡ್ಡು, ಎರಡು ರಸೀದಿ ಪುಸ್ತಕ, ಗುರುತಿನ ಚೀಟಿಗಳನ್ನೂ ಸೇರಿಸುತ್ತಾರೆ. ದರ ಕೇಳುವಾಗ ಒಟ್ಟು ಮೊತ್ತ ಕೇಳಬೇಡಿ. ಸರ್ಕಾರಿ ಶುಲ್ಕ ಎಷ್ಟು, ಅಂಗಡಿಯವರ ಕೂಲಿ ಎಷ್ಟು, ಸೀಲು ಮತ್ತು ಮುದ್ರಣಕ್ಕೆಷ್ಟು ಎಂದು ಮೂರು ಸಾಲಾಗಿ ಬರೆಸಿಕೊಳ್ಳಿ. ಸರ್ಕಾರಿ ಶುಲ್ಕದ ರಸೀದಿ ಸಂಘದ ಕಡತದಲ್ಲಿ ಇರಬೇಕು, ಅಂಗಡಿಯವರ ಡ್ರಾಯರಿನಲ್ಲಲ್ಲ. ಮೊದಲ ವರ್ಷದ ಲೆಕ್ಕ ತಪಾಸಣೆಯಲ್ಲಿ ಲೆಕ್ಕಿಗರು ಕೇಳುವ ಮೊದಲ ಕಾಗದವೇ ಅದು.

ನೋಂದಣಿ ಭಾಗದಲ್ಲಿ ಇವರು ನಿಜಕ್ಕೂ ಪಳಗಿದವರು, ಅದನ್ನು ಒಪ್ಪಬೇಕು. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಪ್ರಕಾರ ಕನಿಷ್ಠ ಏಳು ಜನ ಜ್ಞಾಪನಾ ಪತ್ರಕ್ಕೆ ಸಹಿ ಹಾಕಬೇಕು. ಕಡತ ಹೋಗುವುದು ಸಹಕಾರ ಇಲಾಖೆಯ ಕೆಳಗಿರುವ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ. ಕಡತ ವಾಪಸ್ ಬರುವ ಕಾರಣಗಳು ಬಹುಪಾಲು ಸಣ್ಣವು. ಆಧಾರ್‌ನಲ್ಲಿ ಇರುವ ಹೆಸರು ಒಂದು ಬಗೆ, ಪಟ್ಟಿಯಲ್ಲಿ ಟೈಪಾದದ್ದು ಇನ್ನೊಂದು ಬಗೆ. ಕಚೇರಿ ವಿಳಾಸಕ್ಕೆ ಮನೆ ಮಾಲೀಕರ ಒಪ್ಪಿಗೆ ಪತ್ರ ಇರುತ್ತದೆ, ಕಂದಾಯದ ರಸೀದಿ ಬೇರೆಯವರ ಹೆಸರಲ್ಲಿರುತ್ತದೆ. ಒಂದು ಪುಟಕ್ಕೆ ಸಹಿ ಬಿಟ್ಟುಹೋಗಿರುತ್ತದೆ. ಇವನ್ನೆಲ್ಲ ಅಂಗಡಿಯವರು ಕಣ್ಣಳತೆಯಲ್ಲೇ ಹಿಡಿಯುತ್ತಾರೆ. ಏಳಕ್ಕೆ ಏಳೇ ಜನರ ಸಹಿ ಹಾಕಿಸಿದರೆ, ನಾಳೆ ಒಬ್ಬರ ದಾಖಲೆ ತಕರಾರಾದಾಗ ಇಡೀ ಕಡತ ನಿಲ್ಲುತ್ತದೆ. ಜಿಲ್ಲೆಯ ಹತ್ತು ತಾಲ್ಲೂಕಿಗೆ ಒಬ್ಬೊಬ್ಬರಂತೆ, ಅಧ್ಯಕ್ಷರನ್ನೂ ಸೇರಿಸಿ ಹನ್ನೊಂದು ಜನ ಇಟ್ಟುಕೊಂಡರೆ ಬೆಸಸಂಖ್ಯೆಯೂ ಆಯಿತು, ದೂರದ ಪಾವಗಡದವರಿಗೆ ‘ನಮ್ಮನ್ನು ಕೇಳೋರಿಲ್ಲ’ ಅನ್ನುವ ದೂರೂ ಉಳಿಯುವುದಿಲ್ಲ.

ಹೆಸರಿನ ವಿಷಯದಲ್ಲಿ ಮಾತ್ರ ಅಂಗಡಿಯವರ ಸಲಹೆ ಕೇಳಬೇಡಿ. ಅವರಿಗೆ ದೊಡ್ಡ ಹೆಸರು ಇಷ್ಟ: ‘ಅಖಿಲ ಭಾರತ’, ‘ರಾಷ್ಟ್ರೀಯ’, ‘ಪರಿಷತ್ತು’, ‘ಕೌನ್ಸಿಲ್’. ಸರ್ಕಾರದ್ದೇ ಸಂಸ್ಥೆ ಎಂಬ ಭಾವನೆ ಹುಟ್ಟಿಸುವ ಹೆಸರಿಗೆ ನೋಂದಣಾಧಿಕಾರಿ ಆಕ್ಷೇಪ ಎತ್ತಬಹುದು. ಅದಕ್ಕಿಂತ ಮುಖ್ಯ ಇನ್ನೊಂದಿದೆ. ಪಶುವೈದ್ಯರಿಗೆ ಕಾನೂನಿನಿಂದಲೇ ಹುಟ್ಟಿದ ಪರಿಷತ್ತು ಈಗಾಗಲೇ ಇದೆ, ದೇಶಕ್ಕೊಂದು, ರಾಜ್ಯಕ್ಕೊಂದು. ಖಾಸಗಿ ಸಂಘ ಅದೇ ಪದವನ್ನು ಹೊತ್ತುಕೊಂಡರೆ, ಗುಬ್ಬಿಯ ರೈತನಿಗೆ ಯಾವುದು ಪರವಾನಗಿ ಕೊಡುವ ಪರಿಷತ್ತು, ಯಾವುದು ವರ್ಷಕ್ಕೆರಡು ಸಲ ಸೇರಿ ಊಟ ಮಾಡುವ ಸಂಘ ಅಂತ ತಿಳಿಯುವುದಿಲ್ಲ. ‘ತುಮಕೂರು ಜಿಲ್ಲೆ’ ಎಂಬ ಮಾತು, ‘ಪಶುವೈದ್ಯರ’ ಎಂಬ ಮಾತು, ‘ಹೋಮಿಯೋಪತಿ’ ಎಂಬ ಮಾತು, ಕೊನೆಗೆ ‘ಸಂಘ’. ಅಷ್ಟು ಸಾಕು.

ಬೈಲಾ: ಇಲ್ಲೇ ಪ್ಯಾಕೇಜ್ ಕೈಕೊಡುವುದು

ಮಾದರಿ ಬೈಲಾದ ಉದ್ದೇಶಗಳ ಪುಟ ತೆರೆದು ನಿಧಾನವಾಗಿ ಓದಿ. ಮೊದಲ ಸಾಲು ಹೋಮಿಯೋಪತಿಯದ್ದಾಗಿರುತ್ತದೆ, ಯಾಕೆಂದರೆ ಅದನ್ನು ಹೊಸದಾಗಿ ಟೈಪ್ ಮಾಡಿರುತ್ತಾರೆ. ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ‘ಯುವಜನರಲ್ಲಿ ಕ್ರೀಡಾ ಮನೋಭಾವ ಬೆಳೆಸುವುದು’ ಬಂದಿರುತ್ತದೆ. ಏಳನೆಯದು ಹೊಲಿಗೆ ತರಬೇತಿ. ಇವು ಹಿಂದಿನ ಗಿರಾಕಿಯ ಪಳೆಯುಳಿಕೆ, ಹೊಡೆದುಹಾಕಿದರೆ ಮುಗಿಯಿತು. ಭಯಪಡಬೇಕಾದ ಸಾಲುಗಳು ಬೇರೆ ಇವೆ: ‘ಔಷಧಗಳನ್ನು ತಯಾರಿಸಿ ಸದಸ್ಯರಿಗೂ ಸಾರ್ವಜನಿಕರಿಗೂ ವಿತರಿಸುವುದು’, ‘ತರಬೇತಿ ನೀಡಿ ವೃತ್ತಿ ಪ್ರಮಾಣಪತ್ರ ಕೊಡುವುದು’, ‘ಎಲ್ಲ ರೋಗಗಳಿಗೂ ಚಿಕಿತ್ಸೆ ನೀಡುವುದು’. ಮೂರೂ ಕೇಳಲು ಚೆಂದ, ಮೂರೂ ಸಂಘವನ್ನು ಮುಳುಗಿಸಬಲ್ಲವು.

ಔಷಧದ ಮಾತು ತೆಗೆದುಕೊಳ್ಳಿ. ಹೋಮಿಯೋಪತಿ ಔಷಧ ಕೂಡ ಔಷಧ ಮತ್ತು ಕಾಂತಿವರ್ಧಕ ಅಧಿನಿಯಮ 1940ರ ಕೆಳಗೇ ಬರುತ್ತದೆ. ಚಿಲ್ಲರೆ ಮಾರಾಟಕ್ಕೆ ಫಾರಂ 20-ಸಿ, ಸಗಟು ಮಾರಾಟಕ್ಕೆ ಫಾರಂ 20-ಡಿ ಪರವಾನಗಿ ಬೇಕು. ತಯಾರಿಕೆಗೆ ಇನ್ನೂ ಬೇರೆ. ಸಂಘ ಒಟ್ಟಿಗೆ ತರಿಸಿ ನಲವತ್ತು ಸದಸ್ಯರಿಗೆ ಹಂಚಿ ದುಡ್ಡು ವಸೂಲು ಮಾಡಿದರೆ ಅದು ಮಾರಾಟವೇ. ‘ಲಾಭ ಇಟ್ಟುಕೊಂಡಿಲ್ಲ’ ಅನ್ನುವುದು ಸಮಜಾಯಿಷಿಯಾಗುವುದಿಲ್ಲ. ಸರಿಯಾದ ದಾರಿ ಹೀಗಿದೆ: ಸಂಘ ದರ ಮಾತಾಡಲಿ, ಪರವಾನಗಿ ಇರುವ ಅಂಗಡಿ ಒಬ್ಬೊಬ್ಬ ಸದಸ್ಯರ ಹೆಸರಿಗೂ ಬೇರೆ ಬೇರೆ ಬಿಲ್ಲು ಹಾಕಲಿ. ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ ಇರಲೇಬೇಕು. ಅದು ಯಾಕೆ ಬೇಕು ಅಂತ ಚಿಕಿತ್ಸಾ ಹಾಳೆಯ ಮಾತು ಬಂದಾಗ ಗೊತ್ತಾಗುತ್ತದೆ.

ಸದಸ್ಯತ್ವದ ಕಲಮು ಎಲ್ಲಕ್ಕಿಂತ ಮುಖ್ಯ, ಮಾದರಿಯಲ್ಲಿ ಎಲ್ಲಕ್ಕಿಂತ ಕೆಟ್ಟದ್ದೂ ಅದೇ. ಅಲ್ಲಿ ಇರುವುದು ಒಂದೇ ಸಾಲು: ‘18 ವರ್ಷ ತುಂಬಿದ, ಸಂಘದ ಉದ್ದೇಶಗಳನ್ನು ಒಪ್ಪುವ ಯಾರಾದರೂ ಸದಸ್ಯರಾಗಬಹುದು.’ ಕ್ರಿಕೆಟ್ ಕ್ಲಬ್ಬಿಗೆ ಇದು ಸಾಕು. ಪಶುವೈದ್ಯರ ಸಂಘಕ್ಕೆ ಇದು ಬಾಗಿಲೇ ಇಲ್ಲದ ಮನೆ. ಭಾರತೀಯ ಪಶುವೈದ್ಯ ಪರಿಷತ್ ಅಧಿನಿಯಮ 1984ರ 30ನೇ ಕಲಮಿನ ಪ್ರಕಾರ ಪಶುವೈದ್ಯ ವೃತ್ತಿ ಮಾಡುವ ಹಕ್ಕು ನೋಂದಾಯಿತ ಪಶುವೈದ್ಯರದ್ದು. ಡಿಪ್ಲೊಮಾ, ಸರ್ಟಿಫಿಕೇಟ್ ಇರುವ ಸಹಾಯಕ ಸಿಬ್ಬಂದಿಗೆ ರಾಜ್ಯ ಸರ್ಕಾರ ಆದೇಶ ಮಾಡಿ ಸಣ್ಣಪುಟ್ಟ ಸೇವೆಗಳಿಗೆ ಅನುಮತಿ ಕೊಡಬಹುದು, ಅದೂ ನೋಂದಾಯಿತ ಪಶುವೈದ್ಯರ ಉಸ್ತುವಾರಿಯಲ್ಲಿ. ಹೋಮಿಯೋಪತಿ ಕೊಟ್ಟರೂ, ಅಲೋಪತಿ ಕೊಟ್ಟರೂ, ಹಸುವಿನ ರೋಗ ಪತ್ತೆಮಾಡಿ ಮದ್ದು ಬರೆಯುವುದು ಪಶುವೈದ್ಯಕೀಯವೇ. ‘ಇದು ಸಿಹಿ ಗುಳಿಗೆ ತಾನೆ, ಇದಕ್ಕೆ ಕಾನೂನು ಹತ್ತಲ್ಲ’ ಎಂದು ಧೈರ್ಯ ಹೇಳುವವರ ಮಾತು ನಂಬಬೇಡಿ.

ಹಾಗಾದರೆ ಬಿಎಚ್‌ಎಂಎಸ್ (ಮನುಷ್ಯರ ಹೋಮಿಯೋಪತಿ ಪದವಿ) ಓದಿದವರನ್ನು ಏನು ಮಾಡುವುದು? ಈ ಪ್ರಶ್ನೆಗೆ ಉತ್ತರ ಬರೆಯದೆ ಶುರುವಾದ ಸಂಘದಲ್ಲಿ ಎರಡನೇ ವರ್ಷಕ್ಕೆ ಜಗಳ ಗ್ಯಾರಂಟಿ. ಅವರಿಗೆ ಔಷಧ ಗುಣಪಾಠ, ಲಕ್ಷಣ ಹೊಂದಿಸುವ ಕ್ರಮ ಪಶುವೈದ್ಯರಿಗಿಂತ ಚೆನ್ನಾಗಿ ಗೊತ್ತು. ಆದರೆ ಅವರ ನೋಂದಣಿ ಮನುಷ್ಯರ ಚಿಕಿತ್ಸೆಗೆ. ಕೆಚ್ಚಲು ಮುಟ್ಟಿ ನೋಡುವುದು, ಕರು ಅಡ್ಡಸಿಕ್ಕಾಗ ಕೈಹಾಕುವುದು ಅವರ ಪಾಠದಲ್ಲಿಲ್ಲ. ಆದ್ದರಿಂದ ಎರಡು ವರ್ಗ ಮಾಡಿ. ಪೂರ್ಣ ಸದಸ್ಯರು ಅಂದರೆ ಬಿವಿಎಸ್ಸಿ (ಪಶುವೈದ್ಯಕೀಯ) ಪದವಿ, ಚಾಲ್ತಿಯಲ್ಲಿರುವ ಪಶುವೈದ್ಯ ಪರಿಷತ್ ನೋಂದಣಿ, ಜೊತೆಗೆ ಹೋಮಿಯೋಪತಿಯಲ್ಲಿ ಇಷ್ಟು ಗಂಟೆಯ ಕಲಿಕೆ ಆಗಿರುವವರು; ಆ ಗಂಟೆಯ ಅಂಕಿಯನ್ನು ನೀವೇ ಗೊತ್ತುಮಾಡಿ, ‘ಸಾಕಷ್ಟು ಅನುಭವ’ ಎಂದು ಮಾತ್ರ ಬರೆಯಬೇಡಿ. ಸಹ ಸದಸ್ಯರು ಅಂದರೆ ಬಿಎಚ್‌ಎಂಎಸ್ ವೈದ್ಯರು, ಪಶುವೈದ್ಯ ವಿದ್ಯಾರ್ಥಿಗಳು. ಪಾಠ ಮಾಡಬಹುದು, ಚರ್ಚೆಯಲ್ಲಿ ಕೂರಬಹುದು, ಪಶು ಚಿಕಿತ್ಸೆ ಮಾಡುವಂತಿಲ್ಲ, ಚುನಾವಣೆಯಲ್ಲಿ ಮತವಿಲ್ಲ. ಇದು ಕಟುವಾಗಿ ಕಾಣಬಹುದು. ಆದರೆ ಮೊದಲ ದಿನ ಮುಖ ನೋಡಿ ಸುಮ್ಮನಾದರೆ ಮೂರನೇ ವರ್ಷ ಕೋರ್ಟಿನಲ್ಲಿ ಮುಖ ನೋಡಬೇಕಾಗುತ್ತದೆ. ಪರಿಷತ್ ನೋಂದಣಿಯನ್ನು ಕಾಲಕಾಲಕ್ಕೆ ನವೀಕರಿಸಬೇಕಾದ್ದರಿಂದ, ನವೀಕರಣದ ಪ್ರತಿ ಕೊಡದವರ ಪೂರ್ಣ ಸದಸ್ಯತ್ವ ತಾನಾಗಿಯೇ ತಡೆಯಾಗುತ್ತದೆ ಎಂಬ ಒಂದು ಸಾಲನ್ನೂ ಸೇರಿಸಿ. ‘ತಾನಾಗಿಯೇ’ ಎಂಬ ಪದ ಬಿಡಬೇಡಿ. ಅದಿಲ್ಲದಿದ್ದರೆ ಪ್ರತಿಯೊಬ್ಬರಿಗೂ ನೋಟಿಸು, ವಿವರಣೆ, ಸಭೆ ಎಂದು ಕಾರ್ಯದರ್ಶಿಯ ವರ್ಷವೇ ಕಳೆದುಹೋಗುತ್ತದೆ.

ಆ ಗುರುತಿನ ಚೀಟಿ

ಪ್ಯಾಕೇಜಿನ ಮಾದರಿ ಚೀಟಿಯನ್ನು ಕೈಯಲ್ಲಿ ಹಿಡಿದು ನೋಡಿ. ಎಟಿಎಂ ಕಾರ್ಡಿನ ಅಳತೆ, ಹೊಳೆಯುವ ಪ್ಲಾಸ್ಟಿಕ್. ಮೇಲೆ ಕೆಂಪು ಪಟ್ಟಿ, ಅದರಲ್ಲಿ ಬಿಳಿ ಅಕ್ಷರದಲ್ಲಿ ಸಂಘದ ಹೆಸರು. ಎಡಕ್ಕೆ ಫೋಟೊ, ಬಲಕ್ಕೆ ಸರ್ಪ ಸುತ್ತಿದ ದಂಡದ ಚಿಹ್ನೆ. ಫೋಟೊ ಕೆಳಗೆ ದಪ್ಪಕ್ಷರದಲ್ಲಿ ‘ರಿಜಿಸ್ಟರ್ಡ್ ವೆಟರ್ನರಿ ಹೋಮಿಯೋ ಪ್ರಾಕ್ಟೀಷನರ್’. ಅದರ ಕೆಳಗೆ ‘ನೋಂದಣಿ ಸಂಖ್ಯೆ’ ಎಂದು ಸಂಘದ ನೋಂದಣಿ ಸಂಖ್ಯೆ. ಹಿಂಬದಿಯಲ್ಲಿ ‘ಸರ್ಕಾರದಿಂದ ನೋಂದಾಯಿತ’ ಎಂಬ ಮಾತು.

ಇಲ್ಲಿ ಒಂದೊಂದು ಪದವೂ ಬಿಡಿಯಾಗಿ ನೋಡಿದರೆ ಸುಳ್ಳಲ್ಲ. ಸಂಘ ನೋಂದಾಯಿತವೇ. ಸಂಖ್ಯೆಯೂ ನಿಜವೇ. ಆದರೆ ನೋಂದಣಿಯಾದದ್ದು ಸಂಘ, ಚೀಟಿ ಹಿಡಿದಿರುವ ವ್ಯಕ್ತಿಯಲ್ಲ. ಮಧುಗಿರಿಯ ಹಳ್ಳಿಯೊಂದರಲ್ಲಿ ಹಸು ಹೊಟ್ಟೆ ಉಬ್ಬರಿಸಿ ಬಿದ್ದಿರುವಾಗ ಈ ಚೀಟಿ ನೋಡಿದ ರೈತ, ಎದುರಿಗಿರುವವರು ಸರ್ಕಾರ ಒಪ್ಪಿದ ಪಶುವೈದ್ಯರು ಎಂದೇ ತಿಳಿಯುತ್ತಾನೆ. ತಿಳಿಯಲಿ ಅಂತಲೇ ಹಾಗೆ ಅಚ್ಚಾಗಿರುವುದು. ಪದವಿಯಿಲ್ಲದವರು ಇಂಥ ಸಂಘಗಳನ್ನು ಹುಡುಕಿಕೊಂಡು ಬಂದು ಸದಸ್ಯರಾಗುವುದು ಪಾಠಕ್ಕಲ್ಲ, ಈ ಚೀಟಿಗೆ. ಒಂದು ಹಸು ಸತ್ತು ದೂರು ಬಂದ ದಿನ ಪೊಲೀಸರ ಮೇಜಿನ ಮೇಲೆ ಇರುವುದೂ ಇದೇ ಚೀಟಿ, ಅದರ ಮೇಲೆ ನಿಮ್ಮ ಅಧ್ಯಕ್ಷರ ಸಹಿ.

ಚೀಟಿ ಬೇಕೇ ಬೇಕು ಎಂದಾದರೆ ಹೀಗೆ ಮಾಡಿಸಿ: ‘ಸಂಘದ ಸದಸ್ಯರು’ ಎಂಬ ಎರಡು ಪದ, ಸದಸ್ಯತ್ವದ ವರ್ಷ, ಪೂರ್ಣವೋ ಸಹವೋ ಎಂಬ ವರ್ಗ. ಪೂರ್ಣ ಸದಸ್ಯರಿಗೆ ಮಾತ್ರ ಅವರ ಪಶುವೈದ್ಯ ಪರಿಷತ್ ನೋಂದಣಿ ಸಂಖ್ಯೆ. ಹಿಂಬದಿಯಲ್ಲಿ ‘ಈ ಚೀಟಿ ಚಿಕಿತ್ಸೆಯ ಪರವಾನಗಿ ಅಲ್ಲ’. ಸಹ ಸದಸ್ಯರದ್ದು ಬೇರೆ ಬಣ್ಣ ಇರಲಿ. ಪ್ರತಿ ವರ್ಷ ಹೊಸ ಚೀಟಿ ಕೊಡಿ, ಹಳೆಯದು ವಾಪಸ್ ಪಡೆದು ಕತ್ತರಿಸಿ ಹಾಕಿ. ಆಜೀವ ಸದಸ್ಯತ್ವದ ಚೀಟಿ ಕೊಡಲೇಬೇಡಿ.

ಪ್ಯಾಕೇಜಿನಲ್ಲಿ ಇಲ್ಲದ ಕಲಮು: ಯಾವುದನ್ನು ಮುಟ್ಟಬಾರದು

ಯಾವ ಮಾದರಿ ಬೈಲಾದಲ್ಲೂ ಇದು ಸಿಗುವುದಿಲ್ಲ, ಇದನ್ನು ಸಂಘದವರೇ ಕೂತು ಬರೆಯಬೇಕು. ನೆರಡಿ (ಆಂಥ್ರಾಕ್ಸ್), ಗಂಟಲು ಬೇನೆ, ಚಪ್ಪೆ ಬೇನೆ, ಕಾಲುಬಾಯಿ ಜ್ವರ, ಚರ್ಮಗಂಟು ರೋಗ: ಇವುಗಳ ಗುಮಾನಿ ಬಂದರೆ ಗುಳಿಗೆ ಕೊಡುತ್ತ ಕೂರುವುದಲ್ಲ, ಸರ್ಕಾರಿ ಪಶು ಆಸ್ಪತ್ರೆಗೆ ಕೂಡಲೇ ತಿಳಿಸಬೇಕು. ಪಶುಗಳ ಸಾಂಕ್ರಾಮಿಕ ರೋಗಗಳ ತಡೆಗೆ 2009ರಲ್ಲಿ ಬಂದ ಕಾನೂನು ಪಟ್ಟಿಯಲ್ಲಿರುವ ರೋಗಗಳ ವರದಿಯನ್ನು ಕಡ್ಡಾಯ ಮಾಡಿದೆ. ನೆರಡಿಯ ಗುಮಾನಿ ಇರುವ ಹೆಣವನ್ನು ಕೊಯ್ಯಲೇಬಾರದು. ಗಾಳಿ ತಾಗಿದೊಡನೆ ರೋಗಾಣು ಬೀಜಕಗಳಾಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ರೋಗವಸ್ತುವಿನಿಂದಲೇ ಮಾಡಿದ ನೊಸೋಡ್ ಗುಳಿಗೆಗಳನ್ನು ಲಸಿಕೆಯ ಬದಲು ಹೇಳುವವರಿದ್ದಾರೆ. ಆರು ತಿಂಗಳಿಗೊಮ್ಮೆ ಹಾಕುವ ಕಾಲುಬಾಯಿ ಲಸಿಕೆಯನ್ನು ತಪ್ಪಿಸಿ ಎಂದು ಸಂಘದ ಯಾವ ಸದಸ್ಯರೂ ಹೇಳಕೂಡದು, ಹೇಳಿದರೆ ಸದಸ್ಯತ್ವ ಹೋಗುತ್ತದೆ ಎಂದು ಖಂಡಿತವಾಗಿ ಬರೆಯಿರಿ.

ಕರು ಹಾಕಿದ ಎರಡು ಮೂರು ದಿನದಲ್ಲಿ ಹಸು ಕತ್ತು ಹೊರಳಿಸಿ ಮಲಗಿ ಏಳದಿದ್ದರೆ ಅದು ಹಾಲು ಜ್ವರ. ಹೆಸರು ಜ್ವರ, ಕಿವಿ ಮುಟ್ಟಿದರೆ ತಣ್ಣಗಿರುತ್ತದೆ. ರಕ್ತದಲ್ಲಿ ಸುಣ್ಣದಂಶ ಕುಸಿದಿರುತ್ತದೆ, ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಏರಿಸಿದರೆ ಕಣ್ಣೆದುರೇ ಎದ್ದು ನಿಲ್ಲುತ್ತದೆ. ಅಲ್ಲಿ ಲಕ್ಷಣ ಹೊಂದಿಸುತ್ತ ಅರ್ಧ ದಿನ ಕಳೆದರೆ ಹಸು ಉಳಿಯುವುದಿಲ್ಲ. ಹೊಟ್ಟೆ ಉಬ್ಬರ, ಅಡ್ಡಸಿಕ್ಕ ಕರು, ಹಾವು ಕಡಿತ ಇವೂ ಹಾಗೆಯೇ. ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿಸುವುದು ಚಿಕಿತ್ಸೆಯ ಮೊದಲ ಹೆಜ್ಜೆ ಎಂದೇ ಬೈಲಾದಲ್ಲಿ ಇರಲಿ.

ಇದರ ಹಿಂದಿನ ಮಾತನ್ನೂ ಮುಚ್ಚಿಡಬಾರದು. ಹೋಮಿಯೋಪತಿ ಔಷಧದ ಶಕ್ತಿ 30ಸಿ ಅಂದರೆ ನೂರಕ್ಕೆ ಒಂದರಂತೆ ಮೂವತ್ತು ಸಲ ತೆಳುಗೊಳಿಸಿದ್ದು. 12ಸಿ ದಾಟುವಾಗಲೇ ಮೂಲವಸ್ತುವಿನ ಒಂದು ಅಣುವಾದರೂ ಉಳಿದಿರುವ ಸಂಭವ ತೀರ ಕಡಿಮೆ. ಕೆಚ್ಚಲು ಬಾವಿನ 57 ಹಸುಗಳ ಮೇಲೆ ನಾರ್ವೆಯಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೋಮಿಯೋಪತಿ ಔಷಧವಿಲ್ಲದ ಬರಿಯ ಗುಳಿಗೆಗಿಂತ ಮೇಲು ಎಂಬ ಪುರಾವೆ ಸಿಗಲಿಲ್ಲ. ಹಂದಿಮರಿಗಳ ಭೇದಿಯ ಮೇಲೆ ನೆದರ್ಲೆಂಡ್ಸ್‌ನಲ್ಲಿ ನಡೆದು 2010ರಲ್ಲಿ ಬಂದ ಪ್ರಯೋಗದಲ್ಲಿ ಗುಣ ಕಂಡಿತು. ಬ್ರಿಟನ್ನಿನ ಪಶುವೈದ್ಯರ ರಾಯಲ್ ಕಾಲೇಜು 2017ರಲ್ಲಿ, ಪುರಾವೆ ಇರುವ ಚಿಕಿತ್ಸೆಯ ಬದಲಾಗಿ ಹೋಮಿಯೋಪತಿ ಬಳಸಬಾರದು, ಬಳಸಿದರೂ ಅದರ ಜೊತೆಗೆ ಮಾತ್ರ ಎಂದು ಹೇಳಿಕೆ ಹೊರಡಿಸಿತು. ಸಂಘದ ಸದಸ್ಯರು ಈ ಮೂರನ್ನೂ ಓದಿರಬೇಕು. ತನಗೆ ಒಪ್ಪುವ ಪ್ರಯೋಗವನ್ನಷ್ಟೇ ಕರಪತ್ರದಲ್ಲಿ ಹಾಕುವ ಸಂಘದ ಮಾತಿಗೆ ಪಶು ಇಲಾಖೆಯವರೂ ಹಾಲು ಒಕ್ಕೂಟದವರೂ ಬೆಲೆ ಕೊಡುವುದಿಲ್ಲ.

ಚಿಕಿತ್ಸಾ ಹಾಳೆ

ಪ್ಯಾಕೇಜಿನವರು ನಗದು ಪುಸ್ತಕ, ಸದಸ್ಯರ ರಿಜಿಸ್ಟರು, ನಡವಳಿ ಪುಸ್ತಕ ಕೊಡುತ್ತಾರೆ. ಚಿಕಿತ್ಸಾ ಹಾಳೆ ಕೊಡುವುದಿಲ್ಲ, ಅದು ಅವರಿಂದ ನಿರೀಕ್ಷಿಸುವಂಥದ್ದೂ ಅಲ್ಲ. ಆದರೆ ಮುದ್ರಣದ ದುಡ್ಡಿನಲ್ಲಿ ಲೆಟರ್‌ಹೆಡ್ಡು ಕಡಿಮೆ ಮಾಡಿ ಇದನ್ನು ಹಾಕಿಸಿಕೊಳ್ಳಿ ಎಂಬುದು ನಮ್ಮ ಒತ್ತಾಯ. ಒಂದೇ ಹಾಳೆ, ಎರಡು ಬದಿ, ಕಾರ್ಬನ್ ಪ್ರತಿ ರೈತನಿಗೆ.

ಕೆಚ್ಚಲು ಬಾವಿನ ಹಾಳೆಯಲ್ಲಿ ಇರಬೇಕಾದ್ದು: ಕಿವಿ ಟ್ಯಾಗಿನ 12 ಅಂಕಿ, ಎಷ್ಟನೇ ಸೂಲು, ಕರು ಹಾಕಿ ಎಷ್ಟು ದಿನ, ಬೆಳಗ್ಗೆ ಸಂಜೆ ಎಷ್ಟೆಷ್ಟು ಲೀಟರ್ ಹಾಲು, ಮೈ ಉಷ್ಣತೆ. ಕೆಚ್ಚಲಿನ ನಾಲ್ಕು ಭಾಗಕ್ಕೆ ನಾಲ್ಕು ಚೌಕ: ಎಡ ಮುಂದು, ಬಲ ಮುಂದು, ಎಡ ಹಿಂದು, ಬಲ ಹಿಂದು. ಪ್ರತಿ ಚೌಕದಲ್ಲಿ ಸಿಎಂಟಿ (ಹಾಲಿನಲ್ಲಿ ಬಾವಿನ ಗುರುತು ಹಿಡಿಯುವ ಪರೀಕ್ಷೆ) ಫಲಿತಾಂಶ. ಮೊದಲ ಧಾರೆಗಳನ್ನು ಬೇರೆ ಬಟ್ಟಲಿಗೆ ಹಿಂಡಿ ತೆಗೆದು, ನಾಲ್ಕು ಗುಳಿಯ ತಟ್ಟೆಗೆ ಒಂದೊಂದು ಮೊಲೆಯಿಂದ ಸುಮಾರು 2 ಮಿ.ಲೀ. ಹಾಲು, ಅಷ್ಟೇ ದ್ರಾವಣ, ಹತ್ತು ಸೆಕೆಂಡ್ ದುಂಡಗೆ ಆಡಿಸಿ ಇಪ್ಪತ್ತು ಸೆಕೆಂಡಿನೊಳಗೆ ನೋಡಬೇಕು. ತಡಮಾಡಿದರೆ ಗಟ್ಟಿಯಾದದ್ದು ಮತ್ತೆ ತೆಳುವಾಗಿ ಮೋಸ ಮಾಡುತ್ತದೆ. ಇದನ್ನೇ ಮೂರನೇ ದಿನ, ಏಳನೇ ದಿನ ಮತ್ತೆ ಮಾಡಿ ಬರೆಯಬೇಕು. ಏನಾದರೆ ‘ಗುಣ’, ಏನಾದರೆ ‘ಗುಣವಿಲ್ಲ’ ಎಂಬುದನ್ನು ಮೊದಲ ದಿನವೇ ಬರೆದಿಡಬೇಕು. ಆಮೇಲೆ ಬರೆದರೆ ಎಲ್ಲವೂ ಗುಣವಾದ ಹಾಗೆಯೇ ಕಾಣುತ್ತದೆ. ಬಾವು ತಾನಾಗಿಯೂ ಏರಿ ಇಳಿಯುವಂಥದ್ದು. ಔಷಧದ ಹೆಸರು, ಶಕ್ತಿ, ತಯಾರಕರು, ಬ್ಯಾಚ್ ಸಂಖ್ಯೆ, ಕೊಟ್ಟ ಹೊತ್ತು, ಬೇರೆ ಯಾರಾದರೂ ಯಾವ ಮದ್ದು ಕೊಟ್ಟಿದ್ದಾರೆ ಎಂಬುದು ಕೆಳಗಿನ ಅರ್ಧದಲ್ಲಿ.

ಕೊನೆಯ ಅಂಕಣ ಬಹಳ ಮುಖ್ಯ. ‘ಡಾಕ್ಟ್ರೇ, ಹಾಲು ಡೈರಿಗೆ ಹಾಕಬಹುದಾ?’ ಎಂದು ರೈತ ಕೇಳೇ ಕೇಳುತ್ತಾನೆ. ಹೋಮಿಯೋಪತಿಗೆ ಅವನು ಒಲಿಯುವ ದೊಡ್ಡ ಕಾರಣವೇ ಹಾಲು ಚೆಲ್ಲಬೇಕಿಲ್ಲ ಎಂಬುದು. ಆದರೆ ನಿನ್ನೆ ಬೇರೆಯವರು ಕೆಚ್ಚಲಿಗೆ ಆ್ಯಂಟಿಬಯಾಟಿಕ್ ಟ್ಯೂಬು ಏರಿಸಿ ಹೋಗಿದ್ದರೆ ಈ ಗುಳಿಗೆ ಅದನ್ನು ಅಳಿಸುವುದಿಲ್ಲ. ಹಾಲು ಬಳಸಬಾರದು ಎಂದು ಆ ಔಷಧದ ಲೇಬಲ್ಲಿನಲ್ಲಿರುವ ಅವಧಿ ಮುಗಿಯಬೇಕು. ಅವಧಿ ನಿಗದಿಯಾಗಿಲ್ಲದ ಔಷಧಕ್ಕೆ ನಿಯಮದಂತೆ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಈ ಉತ್ತರ ರೈತನ ಪ್ರತಿಯಲ್ಲಿ ಬರೆದು ಸಹಿ ಹಾಕಿರಬೇಕು. ಹಸು ವಿಮೆ ಇದ್ದರೆ ಇದೇ ಹಾಳೆ ಮುಂದೆ ಕೆಲಸಕ್ಕೆ ಬರುತ್ತದೆ. ಪರಿಹಾರ ಕೇಳುವಾಗ ಟ್ಯಾಗ್ ಸಂಖ್ಯೆ, ನೋಂದಾಯಿತ ಪಶುವೈದ್ಯರ ಚಿಕಿತ್ಸಾ ದಾಖಲೆ ಎರಡೂ ಕೇಳುತ್ತಾರೆ.

ದುಡ್ಡು, ಸಭೆ, ವಾರ್ಷಿಕ ಸಲ್ಲಿಕೆ

ಉದಾಹರಣೆಗೆ ನಲವತ್ತು ಸದಸ್ಯರು, ತಲಾ 1,000 ರೂಪಾಯಿ ಅಂದುಕೊಳ್ಳಿ. 40,000 ಆಯಿತು. ವರ್ಷಕ್ಕೆ ಎರಡು ಸಭೆಗೆ ಊಟ, ಹಾಲ್ ಸೇರಿ ತಲೆಗೆ 200ರಂತೆ 16,000, ಲೆಕ್ಕ ತಪಾಸಣೆಗೆ 6,000, ಮುದ್ರಣಕ್ಕೆ 5,000, ಅಂಚೆ, ಆನ್‌ಲೈನ್ ಕೆಲಸಕ್ಕೆ 3,000, ಉಳಿಕೆ 10,000. ಕಾಗದದ ಮೇಲೆ ಅಚ್ಚುಕಟ್ಟು. ಆದರೆ ಕಟ್ಟುವವರು 28 ಜನ ಮಾತ್ರ ಆದರೆ ಕೈಗೆ ಬರುವುದು 28,000. ಲೆಕ್ಕ, ಮುದ್ರಣ, ಅಂಚೆಯ 14,000 ಬಿಡುವಂತಿಲ್ಲ. ನಲವತ್ತೂ ಜನಕ್ಕೆ ಎರಡೂ ಊಟ ಹಾಕಿದರೆ 2,000 ಕೈಕಚ್ಚುತ್ತದೆ, ಒಂದೇ ಹಾಕಿದರೆ 6,000 ಉಳಿಯುತ್ತದೆ. ಮೊದಲ ವರ್ಷದ ಆಯವ್ಯಯವನ್ನು ಮೂರರಲ್ಲಿ ಎರಡು ಭಾಗ ಜನ ಕಟ್ಟುತ್ತಾರೆ ಎಂದೇ ಲೆಕ್ಕ ಹಾಕಿ. ‘80ಜಿ (ದೇಣಿಗೆ ಕೊಟ್ಟವರಿಗೆ ತೆರಿಗೆ ವಿನಾಯಿತಿ) ಮಾಡಿಸಿಕೊಡುತ್ತೇವೆ, ದೇಣಿಗೆ ಹರಿದುಬರುತ್ತದೆ’ ಎಂಬ ಅಂಗಡಿಯವರ ಮಾತಿಗೆ ಮುಂಗಡ ಕೊಡಬೇಡಿ. ಸದಸ್ಯರ ಹಿತಕ್ಕಷ್ಟೇ ನಡೆಯುವ ವೃತ್ತಿ ಸಂಘ ಧರ್ಮಾರ್ಥ ಸಂಸ್ಥೆ ಅನ್ನಿಸಿಕೊಳ್ಳುವುದು ಸುಲಭವಲ್ಲ.

ಪ್ಯಾಕೇಜಿನ ದೊಡ್ಡ ಲೋಪ ಎರಡನೇ ವರ್ಷಕ್ಕೆ ಗೊತ್ತಾಗುತ್ತದೆ. ವಾರ್ಷಿಕ ಸರ್ವಸದಸ್ಯರ ಸಭೆ ಆದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ, ತಪಾಸಣೆಯಾದ ಜಮಾಖರ್ಚು, ಆಸ್ತಿ ಜವಾಬ್ದಾರಿ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಪ್ಯಾಕೇಜಿನವರು ನೋಂದಣಿ ಪತ್ರ ಕೊಟ್ಟ ದಿನವೇ ಕೈತೊಳೆದಿರುತ್ತಾರೆ. ಸಲ್ಲಿಕೆ ತಪ್ಪಿದ ಸಂಘದ ಪದಾಧಿಕಾರಿಗಳು ಬದಲಾದಾಗ ಬ್ಯಾಂಕಿನವರು ‘ನೋಂದಣಾಧಿಕಾರಿ ದೃಢೀಕರಿಸಿದ ಪಟ್ಟಿ ತನ್ನಿ’ ಅನ್ನುತ್ತಾರೆ, ಪಟ್ಟಿ ಬೇಕಾದರೆ ಹಿಂದಿನ ವರ್ಷಗಳ ಲೆಕ್ಕ ಬೇಕು, ಲೆಕ್ಕದ ಪುಸ್ತಕ ಹಳೆಯ ಖಜಾಂಚಿಯ ಮನೆಯಲ್ಲಿ. ಖಾತೆ ಹಾಗೇ ನಿಂತುಬಿಡುತ್ತದೆ. ಬೈಲಾದಲ್ಲಿ ಸಭೆಯ ತಿಂಗಳನ್ನು ಗೊತ್ತುಮಾಡಿ: ಲೆಕ್ಕ ಮಾರ್ಚ್ 31ಕ್ಕೆ ಮುಗಿದರೆ ಜುಲೈ ಒಳ್ಳೆಯದು, ತಪಾಸಣೆಗೆ ಮೂರು ತಿಂಗಳು ಸಿಗುತ್ತದೆ. ನೋಟಿಸಿಗೆ 21 ದಿನ, ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಸದಸ್ಯರ ಮೂರನೇ ಒಂದು. ನಡವಳಿ ಪುಸ್ತಕಕ್ಕೆ ಪುಟ ಸಂಖ್ಯೆ ಹಾಕಿ, ಪ್ರತಿ ನಿರ್ಣಯಕ್ಕೂ ಸೂಚಕರು, ಅನುಮೋದಕರ ಹೆಸರು ಬರೆದು, ಕೊನೆಯ ಸಾಲಿನ ಕೆಳಗೆ ಜಾಗ ಬಿಡದೆ ಸಹಿ ಮಾಡಿಸಿ. ಬಿಟ್ಟ ಜಾಗದಲ್ಲಿ ಆಮೇಲೆ ನಿರ್ಣಯ ಹುಟ್ಟಿಕೊಳ್ಳುತ್ತದೆ.

ಸಿದ್ಧಗಂಗೆಯ ದನಗಳ ಜಾತ್ರೆಯಂಥ ಕಡೆ ಶಿಬಿರ ಹಾಕುವ ಆಸೆ ಎಲ್ಲ ಸಂಘಕ್ಕೂ ಇರುತ್ತದೆ. ಪಶು ಇಲಾಖೆಗೆ ಮೊದಲೇ ಬರೆದು ತಿಳಿಸಿ, ಮೇಜಿನ ಹಿಂದೆ ಪೂರ್ಣ ಸದಸ್ಯರನ್ನಷ್ಟೇ ಕೂರಿಸಿ. ಜ್ವರ ಇರುವ ದನವನ್ನು ಸಾಲಿನಲ್ಲಿ ನಿಲ್ಲಿಸದೆ ಬೇರೆ ಕಟ್ಟಿಸಿ. ಬ್ಯಾನರಿನಲ್ಲಿ ‘ಶೇಕಡಾ ನೂರು ಗುಣ’ ಬೇಡ.

ದೂರು ಬಂದಾಗ ಏನು ಮಾಡಬೇಕೆಂಬುದೂ ಮಾದರಿಯಲ್ಲಿಲ್ಲ. ಏಳು ದಿನದಲ್ಲಿ ಸ್ವೀಕೃತಿ ಪತ್ರ, ಮೂವತ್ತು ದಿನದಲ್ಲಿ ಉತ್ತರ, ವಿಚಾರಣೆಗೆ ಮೂವರು, ಅವರಲ್ಲೊಬ್ಬರು ಸಂಘದ ಹೊರಗಿನ ಪಶುವೈದ್ಯರು. ಸಂಘಕ್ಕೆ ಸದಸ್ಯತ್ವ ತೆಗೆಯುವ ಅಧಿಕಾರವಷ್ಟೇ ಇದೆ, ವೃತ್ತಿ ನಿಲ್ಲಿಸುವ ಅಧಿಕಾರ ಪಶುವೈದ್ಯ ಪರಿಷತ್ತಿನದು. ಗಂಭೀರವಾದದ್ದನ್ನು ಅಲ್ಲಿಗೆ ಕಳಿಸಲೇಬೇಕು ಎಂದು ಬರೆಯಿರಿ, ‘ಕಳಿಸಬಹುದು’ ಎಂದಲ್ಲ.

ಕೊಳ್ಳಬೇಕೋ ಬೇಡವೋ ಎಂದರೆ, ನೋಂದಣಿ ಕೆಲಸವನ್ನಷ್ಟೇ ಕೊಳ್ಳಿ. ಬೈಲಾ ನೀವೇ ಬರೆದು, ಪೂರ್ಣ ಸದಸ್ಯರಾಗುವ ಎಲ್ಲರೂ ಒಂದು ಭಾನುವಾರ ಕೂತು ಸಾಲು ಸಾಲಾಗಿ ಓದಿ, ಆಮೇಲೆ ಅಂಗಡಿಗೆ ಕೊಡಿ. ಉದ್ದೇಶ, ನಿಯಮಗಳನ್ನು ಆಮೇಲೆ ತಿದ್ದುವುದೆಂದರೆ ಸರ್ವಸದಸ್ಯರ ಸಭೆ, ನಿರ್ಣಯ, ಮತ್ತೆ ನೋಂದಣಾಧಿಕಾರಿಯ ಕಚೇರಿ. ಇನ್ನೊಂದು ಸಣ್ಣ ಮಾತು. ಹಲವು ಅಂಗಡಿಗಳಲ್ಲಿ ಈಗಲೂ ಕೆಲಸ ನಡೆಯುವುದು ಹಳೆಯ ನುಡಿ ಫಾಂಟಿನಲ್ಲಿ. ಆ ಫೈಲನ್ನು ನಿಮ್ಮ ಮೊಬೈಲಿನಲ್ಲಿ ತೆರೆದರೆ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳ ಗೊಂಡಾರಣ್ಯ. ಬಾಕಿ ದುಡ್ಡು ಕೊಡುವ ಮುಂಚೆ ಬೈಲಾ, ಜ್ಞಾಪನಾ ಪತ್ರ, ಚಿಕಿತ್ಸಾ ಹಾಳೆ ಮೂರನ್ನೂ ಯೂನಿಕೋಡ್‌ಗೆ ಬದಲಾಯಿಸಿ ಇಮೇಲಿಗೆ ಹಾಕಿಸಿಕೊಂಡು, ಅಲ್ಲೇ ನಿಂತು ತೆರೆದು ನೋಡಿ. ಒತ್ತಕ್ಷರಗಳು ಮತ್ತು ಅಂಕಿಗಳು ಹೆಚ್ಚಾಗಿ ಕೆಡುತ್ತವೆ, ಅವನ್ನು ಮೊದಲು ನೋಡಿ.